ಗಂಡುಮಕ್ಕಳು ಈ ಕಡೆ, ಹೆಣ್ಣುಮಕ್ಕಳು ಆ ಕಡೆ

(ಶಿರಸಿಯಲ್ಲಿ ಶಿಕ್ಷಕರು ಮತ್ತು ಪಾಲಕರ ಎದುರು ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಸಭೆಯವರು ಕೇಳಿದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ಮಕ್ಕಳ ಬಾಯಲ್ಲಿ ಪಿ.ಟಿ. ಸರ್. ಮೊದಲು ಕೆಲವು ವರ್ಷ ಇಲ್ಲೇ ಘಟ್ಟದ ಮೇಲೆ, ಆಮೇಲೆ ನಿವೃತ್ತಿಯ ತನಕ ಕರಾವಳಿಯಲ್ಲಿ. ಇಷ್ಟು ವರ್ಷದಲ್ಲಿ ನನ್ನ ಬಾಯಿಂದ ಎಲ್ಲಕ್ಕಿಂತ ಜಾಸ್ತಿ ಸಲ ಬಂದ ಮಾತು ಯಾವುದು ಗೊತ್ತಾ? ‘ಗಂಡುಮಕ್ಕಳು ಈ ಕಡೆ, ಹೆಣ್ಣುಮಕ್ಕಳು ಆ ಕಡೆ.’ ಬೆಳಿಗ್ಗೆ ಪ್ರಾರ್ಥನೆಗೆ ಒಂದು ಸಲ. ಆಟದ ಪಿರಿಯಡ್ಡಿಗೆ ಒಂದು ಸಲ. ಪ್ರವಾಸದ ಬಸ್ಸು ಹತ್ತಿಸುವಾಗ ಇನ್ನೊಂದು ಸಲ. ಸೀಟಿ ಊದಿದರೆ ಸಾಕು, ಅರ್ಧ ನಿಮಿಷದಲ್ಲಿ ಮೈದಾನ ಎರಡು ಭಾಗ ಆಗಿಬಿಡುತ್ತಿತ್ತು.

ಆ ಅರ್ಧ ನಿಮಿಷದಲ್ಲಿ ಕಾಲು ಏಳದೆ ನಿಂತುಹೋಗುತ್ತಿದ್ದ ಒಂದು ಮಗುವಿನ ಕಥೆ ಮೊದಲು ಹೇಳುತ್ತೇನೆ. ಇದನ್ನು ಹೇಳಲು ಆ ವ್ಯಕ್ತಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು ಹೇಳುವುದಿಲ್ಲ.

1998ನೇ ಇಸವಿ. ಅಂಕೋಲಾ ಕಡೆಯ ಒಂದು ಶಾಲೆ. ಅಪ್ಪ ಬೋಟಿಗೆ ಹೋಗುವವರು, ಅಮ್ಮ ಮೀನು ಬುಟ್ಟಿ ಹೊರುವವರು. ಮಗು ಎಂಟನೇ ತರಗತಿಗೆ ಬಂತು. ಶಾಲೆಯ ಪುಸ್ತಕದಲ್ಲಿ ಗಂಡು ಅಂತ ಇತ್ತು, ನಾವೆಲ್ಲ ‘ಅವನು’ ಅಂತಲೇ ಕರೆಯುತ್ತಿದ್ದೆವು. ಇವತ್ತು ನಾನು ‘ಅವಳು’ ಅಂತಲೇ ಹೇಳುತ್ತೇನೆ. ಹಳೆಯ ಕಥೆ ಹೇಳುವಾಗಲೂ ಅದೇ ಸರಿ, ಯಾಕೆಂದರೆ ಆಗಲೂ ಅವಳು ಅವಳೇ ಆಗಿದ್ದಳು. ಗೊತ್ತಿಲ್ಲದೆ ಇದ್ದವರು ನಾವು.

ಆಗಸ್ಟ್ 15ರ ಪರೇಡಿಗೆ ತಯಾರಿ ನಡೆದಿತ್ತು. ಎಲ್ಲರ ಕೈ ಒಟ್ಟಿಗೆ ಏಳಬೇಕು, ಹಿಮ್ಮಡಿ ಒಟ್ಟಿಗೆ ಊರಬೇಕು. ಅವಳ ನಡಿಗೆಯಲ್ಲಿ ಒಂದು ಬಳುಕು. ಸಾಲಿನ ಹಿಂದೆ ಮುಂದೆ ಇದ್ದ ಹುಡುಗರು ನಗುತ್ತಿದ್ದರು. ನನಗೆ ಸಿಟ್ಟು ಬಂದದ್ದು ನಕ್ಕವರ ಮೇಲಲ್ಲ, ಅವಳ ಮೇಲೆ. ಶಾಲೆ ಬಿಟ್ಟ ಮೇಲೆ ನಿಲ್ಲಿಸಿಕೊಂಡೆ. ಬೆನ್ನ ಹಿಂದೆ ಒಂದು ಕೋಲು ಇಟ್ಟು, ಎರಡೂ ಮೊಣಕೈ ಅದಕ್ಕೆ ಸಿಕ್ಕಿಸಿ, ಮೈದಾನ ಸುತ್ತಿಸಿದೆ. ಸೊಂಟ ಅಲುಗಿದರೆ ಇನ್ನೊಂದು ಸುತ್ತು. ‘ಎದೆ ಸೆಟೆಸು. ಗಂಡಸಿನ ಹಾಗೆ ನಡಿ.’ ಒಂದು ವಾರ ಹೀಗೇ ನಡೆಯಿತು. ಒಂದು ದಿನವೂ ಅವಳು ಎದುರು ಮಾತಾಡಲಿಲ್ಲ. ಹದಿನೈದನೇ ತಾರೀಕು ಸಿಪಾಯಿಯ ಹಾಗೆ ನಡೆದಳು. ನನಗೆ ಹೆಮ್ಮೆ ಆಯಿತು. ಒಂದು ಮಗುವಿಗೆ ಉಪಕಾರ ಮಾಡಿದೆ ಅಂತಲೇ ನಾನು ನಂಬಿದ್ದೆ.

ಒಂಬತ್ತನೇ ತರಗತಿಯ ಮಧ್ಯದಲ್ಲಿ ಅವಳು ಶಾಲೆ ಬಿಟ್ಟಳು. ಕಾರಣ ನಾನು ಕೇಳಲಿಲ್ಲ. ಅದು ಎಷ್ಟೋ ವರ್ಷದ ಮೇಲೆ ಅವಳ ಬಾಯಿಂದಲೇ ಗೊತ್ತಾಯಿತು. ಗಂಡುಮಕ್ಕಳ ಮೂತ್ರಿಯಲ್ಲಿ ಹುಡುಗರು ಅವಳನ್ನು ಹಿಡಿದು ಎಳೆದಾಡುತ್ತಿದ್ದರು. ಹೆಣ್ಣುಮಕ್ಕಳ ಕಡೆ ಹೋಗುವ ಹಾಗಿಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವ ತನಕ ತಡೆದುಕೊಳ್ಳಬೇಕು. ಅದಕ್ಕಾಗಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಕರಾವಳಿಯ ಮಾರ್ಚ್ ತಿಂಗಳ ಸೆಕೆ ನಿಮಗೆ ಗೊತ್ತಲ್ಲ. ಆ ಸೆಕೆಯಲ್ಲಿ ಒಂದು ಮಗು ದಿನವಿಡೀ ನೀರು ಕುಡಿಯದೆ ಪಾಠ ಕೇಳುತ್ತಿತ್ತು. ನಾನು ಅದೇ ಶಾಲೆಯಲ್ಲಿ ಮಕ್ಕಳ ಆರೋಗ್ಯದ ಬಗ್ಗೆ ಪಾಠ ಮಾಡುತ್ತಿದ್ದೆ.

2016ರಲ್ಲಿ ಒಂದು ಮಧ್ಯಾಹ್ನ ಸೀರೆ ಉಟ್ಟ ಹೆಂಗಸೊಬ್ಬರು ಶಾಲೆಯ ಗೇಟಿನ ಹತ್ತಿರ ತುಂಬಾ ಹೊತ್ತು ನಿಂತಿದ್ದರು. ಎಂತ ಬೇಕಿತ್ತು ಅಂತ ಕೇಳಲು ಹೋದೆ. ಶಾಲೆ ಬಿಟ್ಟ ದಾಖಲೆ ಬೇಕು, ವಯಸ್ಸಿಗೆ ಬೇರೆ ಕಾಗದ ಇಲ್ಲ ಅಂದರು. ಯಾರದ್ದು ಅಂದೆ. ‘ನಂದೇ ಸರ್’ ಅಂದಳು. ಹೆಸರು ಹೇಳಿದಳು. ಆಫೀಸಿನಲ್ಲಿ ಕುಳ್ಳಿರಿಸಿ ಕಾಗದ ಮಾಡಿಸಿಕೊಟ್ಟೆ. ಕಾಗದದಲ್ಲಿ ಹಳೆಯ ಹೆಸರು, ಹಳೆಯ ‘ಗಂಡು’. ಅದನ್ನು ಮಡಚಿ ಬ್ಯಾಗಿಗೆ ಹಾಕುತ್ತಾ, ಕೋಪ ಇಲ್ಲದೆ, ಹವಾಮಾನ ಹೇಳುವ ಹಾಗೆ ಅವಳು ಒಂದು ಮಾತು ಹೇಳಿದಳು. ‘ನೀವು ಕಲಿಸಿದ ನಡಿಗೆ ಬಿಡುಕೆ ನಂಗೆ ಹತ್ತು ವರ್ಷ ಬೇಕಾಯ್ತು ಸರ್.’

ಅವತ್ತಿನಿಂದ ಟ್ರಾನ್ಸ್ ಜನರ ವಿಷಯ, ಅಂದರೆ ಹುಟ್ಟುವಾಗ ಬರೆಸಿದ ಲಿಂಗ ಒಂದು, ಒಳಗಿನ ಅರಿವು ಇನ್ನೊಂದು ಆಗಿರುವವರ ವಿಷಯ, ಓದಲು, ಕೇಳಲು ಶುರು ಮಾಡಿದೆ. ಇವತ್ತು ನಿಮ್ಮ ಮುಂದೆ ಹೇಳಲು ನನ್ನ ಹತ್ತಿರ ಇರುವ ಮಾತು ಒಂದೇ. ನಡಿಗೆಯನ್ನು ನಾನು ಬದಲಾಯಿಸಿದೆ. ಅವಳನ್ನು ಬದಲಾಯಿಸಲು ನನಗೆ ಆಗಲಿಲ್ಲ. ಇವೆರಡೂ ಬೇರೆ ಬೇರೆ ಅಂತ ನಮಗೆ ಗೊತ್ತಾಗಬೇಕು.

ಮೊದಲು ನಡಿಗೆಯ ವಿಷಯ. ಗಂಡಸಿನ ನಡಿಗೆ ಹುಟ್ಟಿನಿಂದಲೇ ಬರುವುದಾದರೆ, ಅದನ್ನು ಕಲಿಸಲು ನನಗೆ ಒಂದು ಕೋಲು, ಒಂದು ವಾರ ಯಾಕೆ ಬೇಕಿತ್ತು? ಬೆಕ್ಕಿಗೆ ಬೆಕ್ಕಿನ ಹಾಗೆ ನಡೆ ಅಂತ ಯಾರೂ ಕಲಿಸುವುದಿಲ್ಲ. ನಾವು ಮಾತ್ರ ಮಗು ಹುಟ್ಟಿದ ದಿನದಿಂದ ಕಲಿಸುತ್ತಲೇ ಇರುತ್ತೇವೆ. ಹುಡುಗ ಅಳಬಾರದು. ಹುಡುಗಿ ಜೋರಾಗಿ ನಗಬಾರದು. ಹುಡುಗ ಕನ್ನಡಿ ಮುಂದೆ ಜಾಸ್ತಿ ನಿಲ್ಲಬಾರದು. ಹುಡುಗಿ ಕಾಲು ಅಗಲಿಸಿ ಕೂರಬಾರದು. ನಮ್ಮ ಶಾಲೆಗಳಲ್ಲಿ ವಾಲಿಬಾಲ್ ಹುಡುಗರಿಗೆ, ಥ್ರೋಬಾಲ್ ಹುಡುಗಿಯರಿಗೆ. ಚೆಂಡು ಹೆಚ್ಚುಕಡಿಮೆ ಅದೇ, ನೆಟ್ಟೂ ಅದೇ. ಈ ಭಾಗ ಮಾಡಿದವರು ಯಾರು ಅಂತ ಒಬ್ಬ ಹುಡುಗಿ ಕೇಳಿದ್ದಳು. ನಾನು ಅವಳನ್ನು ಸುಮ್ಮನೆ ಕೂರಿಸಿದ್ದೆ.

ನಮ್ಮ ಜಿಲ್ಲೆಯನ್ನೇ ನೋಡಿ. ಶಿರಸಿಯ ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಅಡುಗೆ ಮಾಡುವವರು ಗಂಡಸರು. ದೊಡ್ಡ ಕಡಾಯಿ, ದೊಡ್ಡ ಸೌಟು, ಅಡುಗೆ ಭಟ್ಟರು ಅಂದರೆ ಎಲ್ಲರಿಗೂ ಗೌರವ. ಅದೇ ಮನುಷ್ಯ ಮನೆಯಲ್ಲಿ ದಿನಾ ಸಾರು ಮಾಡಿದರೆ ಆಚೆ ಮನೆಯವರು ನಗುತ್ತಾರೆ. ಘಟ್ಟ ಇಳಿದು ಕಾರವಾರದ ಮೀನು ಮಾರುಕಟ್ಟೆಗೆ ಹೋಗಿ. ಬಂಗಡೆ, ಇಸೋಣ ಇಟ್ಟುಕೊಂಡು ಕೂತ ಹೆಂಗಸರ ದನಿ ರಸ್ತೆಯ ತನಕ ಕೇಳುತ್ತದೆ. ಚೌಕಾಸಿ ಅವರದ್ದೇ, ದುಡ್ಡಿನ ಲೆಕ್ಕ ಅವರದ್ದೇ, ಮನೆ ನಡೆಯುವುದು ಆ ದನಿಯ ಮೇಲೆ. ಹೆಣ್ಣು ಮೆಲ್ಲಗೆ ಮಾತಾಡಬೇಕು ಅನ್ನುವ ನಿಯಮ ಆ ಮಾರುಕಟ್ಟೆಯಲ್ಲಿ ನಡೆಯುವುದಿಲ್ಲ. ಹಿಂದಿನ ತಲೆಮಾರಿನ ಎಷ್ಟೋ ಅಜ್ಜಂದಿರ ಕಿವಿಯಲ್ಲಿ ಒಂಟಿ ಇರುತ್ತಿತ್ತು, ಅದು ಮರ್ಯಾದೆಯ ಗುರುತು. ಅವರ ಮೊಮ್ಮಗ ಕಿವಿ ಚುಚ್ಚಿಸಿಕೊಂಡು ಬಂದರೆ ಹೆಡ್‌ಮಾಸ್ತರ ಕೋಣೆಗೆ ಕರೆ ಬರುತ್ತದೆ. ಒಂದೇ ಜಿಲ್ಲೆಯಲ್ಲಿ, ಎರಡು ತಲೆಮಾರಿನಲ್ಲಿ ಇಷ್ಟು ಬದಲಾಗುವುದು ಪ್ರಕೃತಿಯ ನಿಯಮ ಆಗಿರಲಿಕ್ಕಿಲ್ಲ, ಅಲ್ವಾ?

ಇನ್ನು ಎರಡು ಬೈಗುಳಗಳ ಬಗ್ಗೆ ಹೇಳಲೇಬೇಕು. ಹುಡುಗಿಗೆ ‘ಗಂಡುಬೀರಿ’, ಹುಡುಗನಿಗೆ ‘ಹೆಣ್ಣಿಗ’. ಎರಡೂ ಬೈಗುಳವೇ, ಆದರೆ ತೂಕ ಒಂದೇ ಅಲ್ಲ. ‘ನಮ್ಮನೆ ಕೂಸು ಗಂಡುಬೀರಿ, ಮರ ಹತ್ತುತ್ತದೆ’ ಅಂತ ಹೇಳುವ ತಾಯಿಯ ಮುಖದಲ್ಲಿ ಸಣ್ಣ ನಗು ಇರುತ್ತದೆ. ‘ನನ್ನ ಮಗ ಹೆಣ್ಣಿಗ’ ಅಂತ ನಗುತ್ತಾ ಹೇಳಿದ ತಂದೆಯನ್ನು ನಾನು ಇಷ್ಟು ವರ್ಷದಲ್ಲಿ ಒಬ್ಬರನ್ನೂ ಕಂಡಿಲ್ಲ. ಹೆಣ್ಣು ಗಂಡಿನ ಹಾಗಾದರೆ ಮೇಲೆ ಹತ್ತಿದ ಹಾಗೆ, ಗಂಡು ಹೆಣ್ಣಿನ ಹಾಗಾದರೆ ಕೆಳಗೆ ಬಿದ್ದ ಹಾಗೆ ಅಂತ ನಾವು ಒಳಗೊಳಗೇ ನಂಬಿದ್ದೇವೆ. ಟ್ರಾನ್ಸ್ ಮಹಿಳೆಯನ್ನು ಕಂಡರೆ ಬರುವ ಅಸಹ್ಯದ ಬೇರು ಅಲ್ಲಿದೆ ಅಂತ ನನಗೆ ಅನಿಸುತ್ತದೆ. ಅದು ಹೆಣ್ಣನ್ನೇ ಕೀಳಾಗಿ ನೋಡುವ ಕಣ್ಣು. ಶಿಖಂಡಿಯ ಹೆಸರನ್ನೂ ನಾವು ಬೈಗುಳ ಮಾಡಿ ಇಟ್ಟಿದ್ದೇವೆ.

ಇದೇ ಕಾರಣಕ್ಕೆ ಟ್ರಾನ್ಸ್ ಪುರುಷರು, ಅಂದರೆ ಹುಟ್ಟುವಾಗ ಹೆಣ್ಣು ಅಂತ ಬರೆಸಿಕೊಂಡು ಒಳಗೆ ಗಂಡಾಗಿರುವವರು, ನಮ್ಮ ಕಣ್ಣಿಗೇ ಬೀಳುವುದಿಲ್ಲ. ಚಿಕ್ಕವರಿದ್ದಾಗ ಗಂಡುಬೀರಿ ಅಂತ ಸಹಿಸಿಕೊಳ್ಳುತ್ತೇವೆ. ದೊಡ್ಡವರಾದ ಕೂಡಲೇ ಮದುವೆ ಮಾಡಿಬಿಡುತ್ತೇವೆ. ಅವರು ಮನೆಯೊಳಗೇ ಕಳೆದುಹೋಗುತ್ತಾರೆ.

ಈಗ ಎರಡನೇ ಭಾಗ. ‘ನಡಿಗೆ, ಉಡುಗೆ ಎಲ್ಲ ಕಲಿಸಿದ್ದೇ ಆದರೆ, ಟ್ರಾನ್ಸ್ ಮಕ್ಕಳಿಗೂ ಸರಿಯಾಗಿ ಕಲಿಸಿದರೆ ಸರಿಹೋಗುತ್ತಾರಲ್ಲ?’ ಅಂತ ಕೆಲವರು ಕೇಳುತ್ತಾರೆ. ನಾನು ಕಲಿಸಿದ್ದೇ ಅದಕ್ಕೆ ಉತ್ತರ. ಮಗು ಸಿಪಾಯಿಯ ಹಾಗೆ ನಡೆಯಲು ಕಲಿತಿತು. ತಾನು ಹುಡುಗಿ ಅನ್ನುವ ಅರಿವು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಪರೇಡಿನಲ್ಲಿ ಎದೆ ಸೆಟೆಸಿ ನಡೆಯುವಾಗಲೂ ಒಳಗೆ ಅವಳು ಹುಡುಗಿಯೇ. ನಡವಳಿಕೆಯನ್ನು ಹೊಡೆದು ಬಡಿದು ತಿದ್ದಬಹುದು. ತಾನು ಯಾರು ಅನ್ನುವ ಅರಿವಿಗೆ ಕೋಲು ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಹೊಸ ಪಟ್ಟಿ 2022ರಿಂದ ಜಾರಿಗೆ ಬಂತು. ಅದರಲ್ಲಿ ಟ್ರಾನ್ಸ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದುಹಾಕಿದ್ದಾರೆ. ಕಾಯಿಲೆ ಅಲ್ಲದ ಮೇಲೆ ಗುಣಪಡಿಸುವ ಮಾತೆಲ್ಲಿ?

ಯಕ್ಷಗಾನದ ನಾಡಿನಲ್ಲಿ ನಿಂತು ಸ್ತ್ರೀವೇಷದ ಮಾತು ಆಡದೆ ಹೋದರೆ ನೀವು ಬಿಡುವುದಿಲ್ಲ. ಹೊನ್ನಾವರದ ಗುಣವಂತೆಯ ಕೆರೆಮನೆ ಮೇಳ 1934ರಲ್ಲಿ ಶುರುವಾಯಿತು. ಅದಕ್ಕೂ ಹಿಂದಿನಿಂದ ನಾವು ಗಂಡಸರ ಸ್ತ್ರೀವೇಷವನ್ನು ಬೆಳಗಿನ ತನಕ ಕೂತು ನೋಡಿದವರು. ಸುಗ್ಗಿಯ ಹೊತ್ತಿನ ‘ಹಗರಣ’ ಅನ್ನುವ ವೇಷದ ಆಟದಲ್ಲೂ ಗಂಡಸರು ಸೀರೆ ಉಟ್ಟು ಬರುತ್ತಾರೆ. ಹಾಗಿರುವಾಗ ನಾವು ಉದಾರಿಗಳು ಅಂತ ಕೆಲವರು ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಸ್ತ್ರೀವೇಷದ ಕಲಾವಿದರು ಗಂಡಸರು. ಚೌಕಿಗೆ ಬಂದು ಬಣ್ಣ ತೆಗೆದು, ಪಂಚೆ ಉಟ್ಟು, ಚಹಾ ಕುಡಿದು ಮನೆಗೆ ಹೋಗುತ್ತಾರೆ. ಅದು ಕಲೆ, ತಪಸ್ಸಿನ ಹಾಗಿರುವ ಕಲೆ. ಟ್ರಾನ್ಸ್ ಮಹಿಳೆಯ ಸೀರೆ ಅವಳ ದಿನನಿತ್ಯದ ಬಟ್ಟೆ. ನನ್ನ ವಿದ್ಯಾರ್ಥಿನಿಯನ್ನು ಕೇಳಿದರೆ, ಎಂಟನೇ ತರಗತಿಯಲ್ಲಿ ಹಾಕಿದ ಖಾಕಿ ಚಡ್ಡಿಯೇ ತನ್ನ ಜೀವನದ ಏಕೈಕ ವೇಷ ಅನ್ನುತ್ತಾಳೆ. ಅದನ್ನು ತೆಗೆದು ಕೂರಲು ಅವಳಿಗೆ ಚೌಕಿ ಇರಲಿಲ್ಲ. ಆಟ ನೋಡಿ ಚಪ್ಪಾಳೆ ಹೊಡೆದವರೇ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಂಡು ಸೀಟಿ ಹೊಡೆಯುತ್ತಾರೆ.

ನನ್ನ ಕ್ಷೇತ್ರದ ಎರಡು ಘಟನೆಗಳನ್ನೂ ಹೇಳಬೇಕು. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಶಾಂತಿ ಸೌಂದರರಾಜನ್, ಇಟ್ಟಿಗೆ ಗೂಡಿನ ಕೂಲಿಗಳ ಮಗಳು. 2006ರ ದೋಹಾ ಏಷ್ಯನ್ ಗೇಮ್ಸ್‌ನ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದಳು. ಲಿಂಗ ಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಒಡಿಶಾದ ದ್ಯುತಿ ಚಂದ್‌ಳನ್ನು 2014ರಲ್ಲಿ ಹಾರ್ಮೋನ್ ಜಾಸ್ತಿ ಅಂತ ಕಾಮನ್‌ವೆಲ್ತ್ ತಂಡದಿಂದ ಹೊರಗಿಟ್ಟರು. ಅವಳು ಬಿಡಲಿಲ್ಲ. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋದಳು, 2015ರಲ್ಲಿ ಆ ನಿಯಮವನ್ನೇ ತಡೆಹಿಡಿಸಿದಳು, 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದಳು. ಇವರಿಬ್ಬರೂ ಟ್ರಾನ್ಸ್ ಅಲ್ಲ. ಹೆಣ್ಣಾಗಿ ಹುಟ್ಟಿ ಹೆಣ್ಣಾಗಿ ಬೆಳೆದವರು. ದೇಹದ ಒಳಗೂ ಎರಡು ಸಾಲು ಎಳೆಯುವುದು ನಾವು ಅಂದುಕೊಂಡಷ್ಟು ಸುಲಭ ಅಲ್ಲ ಅಂತ ನನಗೆ ತೋರಿಸಿಕೊಟ್ಟವರು ಅವರು. ಪಿ.ಟಿ. ಮಾಸ್ತರಾಗಿ ಶಾಂತಿಯ ಸುದ್ದಿ ಪತ್ರಿಕೆಯಲ್ಲಿ ಓದಿದ ದಿನ ನಾನು ಅಧಿಕಾರಿಗಳ ಪರವಾಗಿದ್ದೆ. ಅದನ್ನೂ ಹೇಳಿಬಿಡುತ್ತೇನೆ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. 1871ರಲ್ಲಿ ಬ್ರಿಟಿಷರು ಮಾಡಿದ ಅಪರಾಧಿ ಬುಡಕಟ್ಟು ಕಾಯ್ದೆಯ ಎರಡನೇ ಭಾಗ ಹಿಜಡಾ ಸಮುದಾಯದವರ ಹೆಸರುಗಳನ್ನು ಪೊಲೀಸ್ ಪುಸ್ತಕದಲ್ಲಿ ಬರೆಸಿತು. ಅವರು ಹೆಣ್ಣಿನ ಬಟ್ಟೆ ಹಾಕಿ ಬೀದಿಗೆ ಬಂದರೆ ಎರಡು ವರ್ಷದ ತನಕ ಜೈಲು. ಕಳ್ಳರು, ಮಕ್ಕಳನ್ನು ಹಿಡಿಯುವವರು ಅನ್ನುವ ನಮ್ಮ ಭಯಕ್ಕೆ ಆ ಪುಸ್ತಕವೂ ಒಂದು ಕಾರಣ. ಅದಕ್ಕೆ ವಿರುದ್ಧವಾದ ದೊಡ್ಡ ಮಾತು ಬಂದದ್ದು 2014ರ ಏಪ್ರಿಲ್ 15ರಂದು. ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಸುಪ್ರೀಂ ಕೋರ್ಟ್ ಪೀಠ ಮೂರನೇ ಲಿಂಗವನ್ನು ಗುರುತಿಸಿತು. ತನ್ನ ಲಿಂಗ ಯಾವುದು ಅಂತ ಹೇಳುವ ಹಕ್ಕು ಆ ವ್ಯಕ್ತಿಗೇ ಸೇರಿದ್ದು, ಶಸ್ತ್ರಚಿಕಿತ್ಸೆ ಆಗಿರಲೇಬೇಕು ಅನ್ನುವಂತಿಲ್ಲ ಅಂತ ಹೇಳಿತು. 2019ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಿತು. ಅದರಲ್ಲಿ ನನಗೆ ಚುಚ್ಚಿದ ಒಂದು ಅಂಶ ಹೇಳುತ್ತೇನೆ. ಹೆಣ್ಣಿನ ಮೇಲೆ ಅತ್ಯಾಚಾರ ಆದರೆ ಕನಿಷ್ಠ ಹತ್ತು ವರ್ಷ ಶಿಕ್ಷೆ. ಟ್ರಾನ್ಸ್ ವ್ಯಕ್ತಿಯ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಆ ಕಾಯ್ದೆ ಇಟ್ಟ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ನೋವಿಗೂ ನಾವು ಎರಡು ಸಾಲು ಮಾಡಿದೆವು.

ನಮ್ಮ ರಾಜ್ಯ ಒಂದು ಒಳ್ಳೆಯ ಕೆಲಸ ಮಾಡಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಕೊಟ್ಟಿತು. ದೇಶದಲ್ಲಿ ಮೊದಲು ಕೊಟ್ಟದ್ದು ಕರ್ನಾಟಕವೇ. 2022ರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಮೂವರು ಆಯ್ಕೆಯಾದರು. ಅವರ ಕ್ಲಾಸಿನಲ್ಲಿ ಕೂತ ಮಗು ‘ಅಕ್ಕೋರೇ’ ಅಂತ ಕರೆದು ಪಾಠ ಕಲಿತರೆ, ದೊಡ್ಡವನಾದ ಮೇಲೆ ಬೀದಿಯಲ್ಲಿ ಯಾರನ್ನೂ ಕಂಡು ನಗುವುದಿಲ್ಲ. ನನಗೆ ಇದರ ಮೇಲೆ ಯಾವ ಕಾಯ್ದೆಗಿಂತ ಜಾಸ್ತಿ ನಂಬಿಕೆ.

2021ರ ನವೆಂಬರ್ ನಿಮಗೆ ನೆನಪಿರಬಹುದು. ನಮ್ಮ ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರು ಬರಿಗಾಲಲ್ಲಿ ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ತೆಗೆದುಕೊಂಡರು. ಅದೇ ವಾರ ಬಳ್ಳಾರಿ ಸೀಮೆಯ ಟ್ರಾನ್ಸ್ ಮಹಿಳೆ, ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದು ಪದ್ಮಶ್ರೀ ಪಡೆದರು. ಎರಡೂ ವಿಡಿಯೋಗಳನ್ನು ನಾವು ಮೊಬೈಲಿನಲ್ಲಿ ಹಂಚಿಕೊಂಡು ಕಣ್ಣೀರು ಹಾಕಿದೆವು. ಮಂಜಮ್ಮ ಅದಕ್ಕೂ ಮೊದಲೇ ರಾಜ್ಯದ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. ಪದಕ ಬಂದವರನ್ನು ಒಪ್ಪುವುದು ಸುಲಭ. ಬಾಡಿಗೆಗೆ ಒಂದು ಕೋಣೆ ಕೇಳಿಕೊಂಡು ಬಂದವಳಿಗೆ ನಾವು ಏನು ಹೇಳುತ್ತೇವೆ? ‘ಅವರೆಲ್ಲ ಯಾಕೆ ದುಡಿದು ತಿನ್ನುವುದಿಲ್ಲ, ರೈಲಿನಲ್ಲಿ ಕೈ ಚಾಚುತ್ತಾರೆ’ ಅಂತ ಕೇಳುವವರು ಒಂದು ಕ್ಷಣ ಯೋಚಿಸಿ. ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಡಿಸಿ, ಹದಿನೇಳಕ್ಕೆ ಮನೆ ಬಿಡಿಸಿ, ಕೋಣೆ ಕೊಡದೆ, ಕೆಲಸ ಕೊಡದೆ ಕಳಿಸಿದವರು ನಾವು.

ಶಾಲೆಯಲ್ಲಿ ಏನು ಮಾಡಬಹುದು ಅಂತ ಶಿಕ್ಷಕರು ಕೇಳಬಹುದು. 2021ರಲ್ಲಿ ಕೇಂದ್ರದ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿ ಇದೇ ವಿಷಯಕ್ಕೆ ಶಿಕ್ಷಕರಿಗಾಗಿ ಒಂದು ಕೈಪಿಡಿ ಮಾಡಿತ್ತು, ವಿರೋಧ ಬಂತು ಅಂತ ಕೆಲವೇ ದಿನದಲ್ಲಿ ತೆಗೆದುಬಿಟ್ಟಿತು. ನನಗೆ ಅದರಿಂದ ಬೇಜಾರಾಯಿತು. ಆದರೆ ಕೈಪಿಡಿ ಇಲ್ಲದೆಯೂ ಆಗುವ ಕೆಲಸ ಇದೆ. ಬಾಗಿಲು, ಚಿಲಕ ಇರುವ ಒಂದು ಶೌಚಾಲಯ, ಯಾರು ಬೇಕಾದರೂ ಹೋಗಬಹುದು ಅಂತ ಬಿಟ್ಟರೆ ಸಾಕು. ಶಿಕ್ಷಕರದ್ದೇ ಒಂದು ಇರುತ್ತದಲ್ಲ, ಅದರ ಬೀಗದ ಕೈ ಕೊಡಿ. ನಾನು ಸೇವೆಯ ಕೊನೆಯ ವರ್ಷಗಳಲ್ಲಿ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದೆ. ಮೊದಲ ದಿನ ಹತ್ತು ನಿಮಿಷ ಗಲಾಟೆ. ಒಬ್ಬರನ್ನೊಬ್ಬರು ಭುಜಕ್ಕೆ ಭುಜ ಹಚ್ಚಿ ಅಳೆದುಕೊಂಡರು. ಮೂರನೇ ದಿನಕ್ಕೆ ಸಾಲು ತಾನಾಗಿಯೇ ಆಗುತ್ತಿತ್ತು. ಯಾವ ಪಾಲಕರೂ ಬಂದು ದೂರು ಕೊಡಲಿಲ್ಲ.

ಮಾತು ಮುಗಿದ ಮೇಲೆ ಒಬ್ಬ ತಾಯಿ ಎದ್ದು ನಿಂತು ಮೆಲ್ಲಗೆ ಕೇಳಿದರು. ‘ನಮ್ಮ ಮನೆಯಲ್ಲೇ ಇಂಥ ಮಗು ಇದ್ದರೆ ಎಂತ ಮಾಡಬೇಕು ಸರ್?’ ನಾನು ಡಾಕ್ಟರೂ ಅಲ್ಲ, ವಕೀಲನೂ ಅಲ್ಲ. ಗೊತ್ತಿರುವಷ್ಟು ಹೇಳಿದೆ. ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಪ್ರಸಾದ, ಅಂದರೆ ದೇವರ ಅಪ್ಪಣೆ, ಕೇಳಿಸಬೇಡಿ. ಮದುವೆ ಮಾಡಿದರೆ ಸರಿಹೋಗುತ್ತದೆ ಅಂತ ಇನ್ನೊಂದು ಮನೆಯ ಮಗುವಿನ ಬದುಕನ್ನೂ ಸೇರಿಸಿ ಹಾಳು ಮಾಡಬೇಡಿ. ‘ಬದಲಾಯಿಸಿ ಕೊಡುತ್ತೇವೆ’ ಅನ್ನುವವರ ಹತ್ತಿರ ಹೋಗಲೇಬೇಡಿ. ಮದ್ರಾಸ್ ಹೈಕೋರ್ಟ್ 2021ರಲ್ಲೇ ಅಂಥ ಚಿಕಿತ್ಸೆ ಮಾಡುವಂತಿಲ್ಲ ಅಂದಿದೆ. ಮಗು ಹೇಳುವುದನ್ನು ಪೂರ್ತಿ ಕೇಳಿ. ನಿಮಗೆ ಅರ್ಥ ಆಗಲಿಕ್ಕೆ ಸಮಯ ಬೇಕು ಅಂತ ಅದಕ್ಕೇ ಹೇಳಿ, ಪರವಾಗಿಲ್ಲ. ಆದರೆ ರಾತ್ರಿ ಊಟಕ್ಕೆ ಕರೆಯುವುದನ್ನು ಒಂದು ದಿನವೂ ತಪ್ಪಿಸಬೇಡಿ.

ಇನ್ನೊಬ್ಬರು ಕೇಳಿದ್ದು ನನ್ನ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೆ ಅಂತ. ಬೇರೆ ಊರಿನಲ್ಲಿ ಹೊಲಿಗೆ ಮಾಡಿಕೊಂಡಿದ್ದಾಳೆ. ವರ್ಷಕ್ಕೆ ಎರಡು ಸಲ ಅಂಕೋಲಾ ಬಸ್‌ಸ್ಟ್ಯಾಂಡಿಗೆ ಬರುತ್ತಾಳೆ. ಅವಳ ಅಮ್ಮ ಒಣಮೀನಿನ ಪೊಟ್ಟಣ ಕಟ್ಟಿಕೊಂಡು ಅಲ್ಲಿಗೇ ಬರುತ್ತಾರೆ. ಅರ್ಧ ಗಂಟೆ ಬೆಂಚಿನ ಮೇಲೆ ಕೂತು ಮಾತಾಡಿ, ಇಬ್ಬರೂ ಬೇರೆ ಬೇರೆ ಬಸ್ಸು ಹತ್ತುತ್ತಾರೆ. ಅಪ್ಪನಿಗೆ ಇದು ಗೊತ್ತು, ಆದರೆ ಇಷ್ಟು ವರ್ಷ ಒಂದು ದಿನವೂ ಕೇಳಿರಲಿಲ್ಲ. ಈ ಸಲ ಚೌತಿಗೆ ಮನೆಗೇ ಬರಲಿ ಅಂತ ಅಮ್ಮನ ಹತ್ತಿರ ಹೇಳಿ ಕಳಿಸಿದ್ದಾರಂತೆ. ಹೋಗಬೇಕೋ ಬೇಡವೋ ಅಂತ ಅವಳು ಇನ್ನೂ ಯೋಚನೆ ಮಾಡುತ್ತಿದ್ದಾಳೆ.